ಹಳೇದು ತಂದಿದ್ದೀರಾ?

ನಮ್ಮ ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕಲು ಶುರು ಮಾಡಿದ್ದು ಯುಗಾದಿಗೆ ಒಂದು ವಾರ ಮುಂಚೆ. ಬೇರೆ ಯಾರಾದರೂ ಆಗಿದ್ದರೆ ಪ್ಲಂಬರ್‌ಗೆ ಫೋನ್ ಮಾಡುತ್ತಿದ್ದರು. ನಾನು ನಾಲ್ಕಕ್ಷರ ಓದಿದವನು. ಹಾಗಾಗಿ ಯೂಟ್ಯೂಬ್ ತೆರೆದೆ.

ಮೊದಲು ಸಿಕ್ಕ ವಿಡಿಯೋ 14 ನಿಮಿಷದ್ದು. ಒಂದು ನಿಮಿಷ ನಮಸ್ಕಾರ ಸ್ನೇಹಿತರೇ. ಇನ್ನೊಂದು ನಿಮಿಷ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಆಮೇಲೆ ನೀರು ಎಷ್ಟು ಅಮೂಲ್ಯ ಅಂತ ಭಾಷಣ. ಅದನ್ನು ಕೇಳುತ್ತಾ ಕೂತಿರುವಷ್ಟು ಹೊತ್ತೂ ಒಳಗೆ ನನ್ನ ಅಮೂಲ್ಯವಾದ ನೀರು ಟಪ್ ಟಪ್ ಅಂತ ಹೋಗುತ್ತಿತ್ತು. ಯೂಟ್ಯೂಬಿಗೆ ಮೊಟ್ಟಮೊದಲು ಹಾಕಿದ ವಿಡಿಯೋ, 2005ರ ಏಪ್ರಿಲ್ 23ರದ್ದು, ಬರೀ 19 ಸೆಕೆಂಡಿನದು. ಅದರಲ್ಲಿ ಒಬ್ಬ ಮೃಗಾಲಯದ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ತುಂಬಾ ಉದ್ದ ಅಂತ ಹೇಳಿ ಮುಗಿಸುತ್ತಾನೆ. ಅಂಥಾ ಆನೆಗೇ 19 ಸೆಕೆಂಡು ಸಾಕಾಗಿತ್ತು. ಎಂಟಾಣೆ ಅಗಲದ ವಾಷರ್‌ಗೆ 14 ನಿಮಿಷ!

ಆರನೇ ನಿಮಿಷಕ್ಕೆ ಅವರ ಮನೆಯ ನಲ್ಲಿಯ ದರ್ಶನವಾಯಿತು. ಫಳಫಳ ಹೊಳೆಯುತ್ತಿತ್ತು. ಸೋರುತ್ತಲೂ ಇರಲಿಲ್ಲ. ಸ್ಪ್ಯಾನರ್ ಹಿಡಿದಿದ್ದೇ ತಡ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿಚ್ಚಿಕೊಂಡಿತು. ಈ ವಿಡಿಯೋ ಲೋಕದಲ್ಲಿ ತುಕ್ಕು ಅನ್ನುವುದೇ ಇಲ್ಲ ನೋಡಿ. ಬೋರ್‌ವೆಲ್ ನೀರೂ ಇಲ್ಲ. ನಮ್ಮ ನಲ್ಲಿಗೆ ಹನ್ನೊಂದು ವರ್ಷದ ಉಪ್ಪು ಕಟ್ಟಿ, ಅದು ಗೋಡೆಯದೇ ಒಂದು ಅಂಗದ ಹಾಗಾಗಿತ್ತು.

"ಮೊದಲು ಮೇನ್ ವಾಲ್ವ್ ಬಂದ್ ಮಾಡಿ" ಅಂದರು. ಎಲ್ಲರ ಮನೆಯಲ್ಲೂ ಸಿಂಕಿನ ಕೆಳಗೇ ಒಂದು ವಾಲ್ವ್ ಇರುತ್ತದೆ ಅನ್ನುವ ಧೈರ್ಯದಲ್ಲಿ. ನಮ್ಮದು ತಾರಸಿಯ ಮೇಲೆ, ಟ್ಯಾಂಕಿನ ಹಿಂದೆ ಇದೆ. ಹತ್ತಿ, ಬಗ್ಗಿ, ಎರಡೂ ಕೈಯಲ್ಲಿ ತಿರುಗಿಸಿದೆ. ಬಂದ್ ಆಯಿತು. ನಮ್ಮ ಮನೆಗೆ ಮಾತ್ರ ಅಲ್ಲ, ಮೇಲಿನ ಮನೆಗೂ. ಆ ಹೊತ್ತಿಗೆ ಅಲ್ಲಿನ ಯಜಮಾನರು ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದರಂತೆ.

ಹೇಗೋ ಬಿಚ್ಚಿದೆ. ಬಿಚ್ಚಿದ್ದನ್ನು ಸಿಂಕಿನ ಮೇಲಿಟ್ಟು ಹಾರ್ಡ್‌ವೇರ್ ಅಂಗಡಿಗೆ ಓಡಿದೆ.

"ಒಂದು ವಾಷರ್ ಕೊಡಿ."

"ಅರ್ಧ ಇಂಚಾ, ಮುಕ್ಕಾಲಾ ಸಾರ್?"

"ನಲ್ಲಿದು."

"ನಲ್ಲಿದೇ ಸಾರ್. ಕಾಲು ಸುತ್ತು ತಿರುಗತ್ತಾ, ನಾಲ್ಕು ಸುತ್ತು ತಿರುಗತ್ತಾ?"

ನಾನು ಗಾಳಿಯಲ್ಲಿ ಕಾಲು ಸುತ್ತು ಕೈ ತಿರುಗಿಸಿ ತೋರಿಸಿದೆ.

"ಹಂಗಾದ್ರೆ ಅದಕ್ಕೆ ವಾಷರ್ ಇರಲ್ಲ ಸಾರ್, ಕಾರ್ಟ್ರಿಜ್ಜು. ಅದರ ತುದೀಲಿ ಹಲ್ಲು ಎಷ್ಟು? 20 ಹಲ್ಲಾ, 24 ಹಲ್ಲಾ?"

ನನಗಿರುವ ಹಲ್ಲು ಎಷ್ಟು ಅನ್ನುವುದೂ ಆಗ ಮರೆತುಹೋಗಿತ್ತು.

"ಹಳೇದು ತಂದಿದ್ದೀರಾ?"

ನಾನು ಒಟ್ಟು ಹನ್ನೆರಡು ವಿಡಿಯೋ ನೋಡಿದ್ದೆ. ಕನ್ನಡ, ಹಿಂದಿ, ಇಂಗ್ಲಿಷ್, ಕೊನೆಗೆ ಮಾತೇ ಇಲ್ಲದ, ಬರೀ ಪಿಟೀಲು ಬಾರಿಸುವ ಒಂದು. ಒಬ್ಬನಾದರೂ "ಅಂಗಡಿಗೆ ಹೋಗುವಾಗ ಹಳೇದನ್ನು ಜೇಬಿಗೆ ಹಾಕಿಕೊಂಡು ಹೋಗಪ್ಪಾ" ಅನ್ನಲಿಲ್ಲ.

ವಾಪಸ್ ಬಂದೆ. ಗೇಟಿನ ಹತ್ತಿರ ಮೇಲಿನವರು ಟವೆಲ್ ಸುತ್ತಿಕೊಂಡು ಕಾಯುತ್ತಿದ್ದರು. "ಎರಡೇ ನಿಮಿಷ ಸಾರ್" ಅಂದೆ. ಹಳೇದನ್ನು ತಗೊಂಡು ಮತ್ತೆ ಓಡಿದೆ. ಅಂಗಡಿಯವರು ಅದನ್ನು ಒಂದು ಸಲ ತಿರುಗಿಸಿ ನೋಡಿದರು. "ಇದು ಈಗ ಬರಲ್ಲ ಸಾರ್. ಕಂಪನಿಯವರು ನಿಲ್ಲಿಸಿಬಿಟ್ಟಿದ್ದಾರೆ. ಹೊಸಾ ನಲ್ಲೀನೇ ಹಾಕ್ಕೊಂಡ್ಬಿಡಿ, 1,400."

ಇಲ್ಲಿ ನನಗೆ ಜ್ಞಾನೋದಯವಾಯಿತು. ಬಿಚ್ಚುವುದು ಹೇಗೆ ಅಂತ ಜಗತ್ತಿನಲ್ಲಿ ಲಕ್ಷ ಜನ ಪುಕ್ಕಟೆ ಹೇಳಿಕೊಡುತ್ತಾರೆ. ಬಿಚ್ಚಿದ ಮೇಲೆ ಹಾಕುವುದಕ್ಕೆ ಒಳಗಿನ ಸಾಮಾನು ಮಾತ್ರ ಸಿಗುವುದಿಲ್ಲ. ಪಂಚಭಕ್ಷ್ಯ ಪರಮಾನ್ನದ ಪಟ್ಟಿ ಓದಿ ಹೇಳಿ, ಎಲೆ ಹಾಕದೆ ಕೈ ತೊಳೆಸಿದ ಹಾಗೆ.

ಸರ್ಕಾರಕ್ಕೂ ಇದು ಗೊತ್ತಿಲ್ಲದ ಸಂಗತಿಯಲ್ಲ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದೇ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ದುರಸ್ತಿ ನಿಮ್ಮ ಹಕ್ಕು ಅಂತ. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸು, ಫ್ರಿಜ್ಜು ವಾಷಿಂಗ್ ಮೆಷಿನ್ನಿನಂಥವು, ವಾಹನ, ಹೀಗೆ ನಾಲ್ಕು ವಿಭಾಗ. ಒಳ್ಳೆಯ ಕೆಲಸವೇ. ನಲ್ಲಿ ಪಾಪ, ಈ ನಾಲ್ಕರಲ್ಲಿ ಯಾವುದಕ್ಕೂ ಸೇರಲಿಲ್ಲ.

ಸರಿ, ನಲ್ಲಿ ಬಿಡಿ. ನಮ್ಮ ಮನೆಯ ಮಿಕ್ಸಿಗೆ ಆ ಹಕ್ಕು ಚಲಾಯಿಸೋಣ ಅಂದುಕೊಂಡೆ. ಅದರ ಜೊತೆ ಬಂದ ಪುಸ್ತಕ ಹುಡುಕಿ ತೆಗೆದೆ. ಎಂಟು ಭಾಷೆಯಲ್ಲಿದೆ. 'ತೊಂದರೆ ಮತ್ತು ಪರಿಹಾರ' ಅಂತ ಒಂದು ಪುಟ. ತೊಂದರೆ: ಮಿಕ್ಸಿ ಚಾಲೂ ಆಗುತ್ತಿಲ್ಲ. ಪರಿಹಾರ: ಪ್ಲಗ್ ಹಾಕಿದ್ದೀರಾ ನೋಡಿ. ಪ್ಲಗ್ ಹಾಕಿಯೂ ಚಾಲೂ ಆಗದಿದ್ದರೆ? ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ. ಎಂಟು ಭಾಷೆಯಲ್ಲೂ ಇದೇ ಮಾತು.

ಮಿಕ್ಸಿಯನ್ನು ಬೋರಲು ಹಾಕಿದೆ. ತಳದಲ್ಲಿ ನಾಲ್ಕು ಸ್ಕ್ರೂ. ಮೂರು ಸಾದಾ ಸ್ಟಾರ್. ನಾಲ್ಕನೆಯದಕ್ಕೆ ಮೂರು ಮೂಲೆಯ ತೂತು, ಅದರ ಮೇಲೊಂದು ಕಾಗದದ ಸ್ಟಿಕ್ಕರ್: ಹರಿದರೆ ವಾರಂಟಿ ಇಲ್ಲ. ವಾರಂಟಿ ಮುಗಿದು ನಾಲ್ಕು ವರ್ಷವಾಗಿದೆ. ಆದರೂ ಸ್ಟಿಕ್ಕರ್ ನೋಡಿದರೆ ಕೈ ನಡುಗುತ್ತದೆ ಅಲ್ವಾ? ದೇವಸ್ಥಾನದ ಗರ್ಭಗುಡಿ ಮುಂದೆ ನಿಂತ ಹಾಗೆ.

2003ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಕಾಲೇಜು ಹುಡುಗರಿಗೂ ಇದೇ ಗತಿಯಾಗಿತ್ತು. ಲ್ಯಾಪ್‌ಟಾಪ್ ಕೆಟ್ಟಿತು, ರಿಪೇರಿ ಪುಸ್ತಕ ಎಲ್ಲೂ ಸಿಗಲಿಲ್ಲ. ತಾವೇ ಬಿಚ್ಚಿ ಕಲಿತರು. ಐಫಿಕ್ಸಿಟ್ ಅನ್ನುವ ವೆಬ್‌ಸೈಟ್ ಹುಟ್ಟಿದ್ದು ಹಾಗೆ. ಈಗ ಅಲ್ಲಿ ಸಾವಿರಾರು ಸಾಮಾನುಗಳನ್ನು ಬಿಚ್ಚುವ ವಿಧಾನ ಫೋಟೋ ಸಮೇತ ಇದೆ, ದುಡ್ಡಿಲ್ಲದೆ. ನಿಜವಾಗಿಯೂ ಉಪಯೋಗದ ಜಾಗ. ಫ್ರಾನ್ಸ್ ದೇಶದವರು 2021ರ ಜನವರಿಯಿಂದ ಮೊಬೈಲು, ಟಿವಿ, ವಾಷಿಂಗ್ ಮೆಷಿನ್ನುಗಳ ಮೇಲೆ, ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಅಂತ ಹತ್ತಕ್ಕೆ ಇಷ್ಟು ಅಂತ ಅಂಕ ಅಂಟಿಸಲು ಶುರು ಮಾಡಿದರು. ನಮ್ಮ ಫ್ರಿಜ್ಜಿನ ಮೇಲೂ ನಕ್ಷತ್ರಗಳಿವೆ, ಕರೆಂಟ್ ಉಳಿಸಿದ್ದಕ್ಕೆ. ಬಿಚ್ಚಲು ಬಂದರೆ ಎಷ್ಟು ನಕ್ಷತ್ರ ಅಂತ ಅದರ ಮೇಲೆ ಬರೆದಿಲ್ಲ.

ಒಂದು ಮಾತು ಮಾತ್ರ ತಮಾಷೆಗಲ್ಲ. ಫ್ಯಾನು ನಿಧಾನವಾದರೆ ಬಹಳ ಸಲ ಕೆಟ್ಟಿರುವುದು ಕೆಪಾಸಿಟರ್. ನೂರು ರೂಪಾಯಿಯೂ ಆಗದ ಸಾಮಾನು. ಅದನ್ನು ಬದಲಾಯಿಸಲು ನನ್ನ ಭಾವಮೈದ ಅಮೆರಿಕದ ವಿಡಿಯೋ ನೋಡಿ ಸ್ಟೂಲ್ ಹತ್ತಿದ. ಅಲ್ಲಿ ಕಪ್ಪು ವೈರಿನಲ್ಲೇ ಕರೆಂಟು. ನಮ್ಮ ಹಳೇ ಮನೆಗಳಲ್ಲಿ ಕೆಂಪು ಫೇಸು, ಅಂದರೆ ಕರೆಂಟು ಇರುವುದು ಅದರಲ್ಲಿ; ಕಪ್ಪು ನ್ಯೂಟ್ರಲ್ಲು. ಅವರದು 120 ವೋಲ್ಟು, ನಮ್ಮದು 230. ಅವನು ಕಪ್ಪನ್ನು ಜೋಪಾನವಾಗಿ ಟೇಪು ಸುತ್ತಿಟ್ಟು, ಕೆಂಪನ್ನು ಹಲ್ಲಿನಲ್ಲಿ ಸುಲಿಯಲು ಹೊರಟಿದ್ದ. ನನ್ನ ಹೆಂಡತಿ ಕೆಳಗಿನಿಂದ "ಏ, ಮೊದಲು ಕೆಳಗಿಳಿಯೋ!" ಅಂತ ಕೂಗಿ ಮೇನ್ ಆಫ್ ಮಾಡಿದಳು. ಟೆಸ್ಟರ್ ಹಿಡಿಯಲು ಬಾರದವರು ದಯವಿಟ್ಟು ಎಲೆಕ್ಟ್ರಿಷಿಯನ್ ಕರೆಯಿರಿ.

ನಲ್ಲಿಯ ಕತೆಗೆ ಬರುತ್ತೇನೆ. 1,400 ಕೊಡಲು ನನಗೆ ಸ್ವಾಭಿಮಾನ ಅಡ್ಡ ಬಂತು. ನಾನು ರಿಪೇರಿ ಮಾಡುವವನು, ಬದಲಾಯಿಸುವವನಲ್ಲ. ಹಳೇದನ್ನೇ ಉಜ್ಜಿ, ಟೆಫ್ಲಾನ್ ಟೇಪು ನಾಲ್ಕು ಸುತ್ತು ಜಾಸ್ತಿಯೇ ಸುತ್ತಿ, ಬಿಗಿದು, ತಾರಸಿ ಹತ್ತಿ ವಾಲ್ವ್ ಬಿಟ್ಟೆ. ಮೇಲಿನ ಮನೆಯಿಂದ ನಿಟ್ಟುಸಿರು ಕೇಳಿಸಿತು. ಕೆಳಗೆ ಬಂದು ನೋಡಿದರೆ ಟಪ್ ಟಪ್ ಈಗ ಟಪಟಪ ಆಗಿತ್ತು. ಇಷ್ಟರೊಳಗೆ ಸ್ಪ್ಯಾನರ್, ಟೇಪು, ಡಬ್ಬಿಯಲ್ಲಿ ಬರುವ ಒಂದು ಸ್ಪ್ರೇ ಎಲ್ಲ ಸೇರಿ ಖರ್ಚಾಗಿದ್ದು 1,260. "ರೀ, ಇನ್ನೂ 140 ಹಾಕಿದ್ರೆ ಹೊಸದೇ ಬರ್ತಿತ್ತಲ್ಲ" ಅಂದಳು ಹೆಂಡತಿ. ಅವಳ ಲೆಕ್ಕ ಯಾವತ್ತೂ ತಪ್ಪುವುದಿಲ್ಲ.

ರಾತ್ರಿ ಆ ಸದ್ದಿಗೆ ಯಾರಿಗೂ ನಿದ್ದೆ ಬರಲಿಲ್ಲ. ಅಮ್ಮ ಎದ್ದು ಹೋಗಿ, ಹೂವು ಕಟ್ಟುವ ದಾರವನ್ನು ನಲ್ಲಿಯ ಮೂತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟರು. ನೀರು ದಾರದ ಮೇಲೆ ಜಾರಿಕೊಂಡು ಸುಮ್ನೆ ಇಳಿಯತೊಡಗಿತು. ಸದ್ದು ನಿಂತಿತು. ಬೆಳಗ್ಗೆ ಬಕೆಟ್ಟಿನ ನೀರು ತುಳಸಿಕಟ್ಟೆಗೆ ಹೋಯಿತು.

ಮಗಳು ಅದನ್ನು ಮೊಬೈಲಿನಲ್ಲಿ ಹಿಡಿದು ನೆಟ್ಟಿಗೆ ಹಾಕಿದ್ದಾಳೆ. 19 ಸೆಕೆಂಡಿನದೇ. ಈಗಾಗಲೇ ಒಬ್ಬರು ಕೆಳಗೆ ಬರೆದಿದ್ದಾರೆ: "ಅಜ್ಜಿ ಸೂಪರ್. ದಾರ ಯಾವ ಕಂಪನಿದು? ಲಿಂಕ್ ಹಾಕಿ."