ಕುಡಿಯುವವನನ್ನು ಕಂಬಕ್ಕೆ ಕಟ್ಟುವ ಮೊದಲು ಮೂರನೇ ದಿನದ ಲೆಕ್ಕ ತಿಳಿದುಕೊಳ್ಳಿ

ಬೆಳಿಗ್ಗೆಯಿಂದ ಒಂದೇ ವಿಡಿಯೊ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿದೆ. ನೋಡಿದಾಗಿನಿಂದ ಮೈ ಉರಿಯುತ್ತಿದೆ. ನಲವತ್ತರ ಆಸುಪಾಸಿನ ಗಂಡಸು. ಪಡಸಾಲೆಯ ಕಂಬಕ್ಕೆ ಹಗ್ಗದಿಂದ ಕಟ್ಟಿದ್ದಾರೆ. ಕೈ ನಡುಗುತ್ತಿವೆ, ಬನಿಯನ್ ಬೆವರಿಗೆ ತೊಯ್ದು ಹೋಗಿದೆ, ಕಣ್ಣೆದುರು ಇಲ್ಲದ ಯಾವುದನ್ನೋ ಹಿಡಿಯಲು ಬೆರಳು ಆಡಿಸುತ್ತಿದ್ದಾನೆ. ಹಿಂದಿನಿಂದ ಯಾರೋ ಹೆಮ್ಮೆಯಿಂದ ಹೇಳುತ್ತಾರೆ: 'ಮೂರು ದಿನ ಆತು ನೋಡ್ರಿ, ಒಂದು ಹನಿ ಕೊಟ್ಟಿಲ್ಲ. ಇನ್ನೆರಡು ದಿನ ಹಿಂಗ ಬಿಟ್ರ ದಾರಿಗೆ ಬರ್ತಾನ.' ಕೆಳಗೆ ಚಪ್ಪಾಳೆಗಳ ಸಾಲು.

ಆ ಮನುಷ್ಯನಿಗೆ ಆಗುತ್ತಿರುವುದು ಡೆಲಿರಿಯಂ ಟ್ರೆಮೆನ್ಸ್, ದಿನವೂ ಕುಡಿಯುವವನಿಗೆ ಮದ್ಯ ಒಮ್ಮೆಲೇ ನಿಂತಾಗ ಬರುವ ನಡುಕ ಮತ್ತು ಭ್ರಮೆ. ಆಸ್ಪತ್ರೆಯವರ ಬಾಯಲ್ಲಿ ಡಿಟಿ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಜೀವ ತೆಗೆಯುವ ಸ್ಥಿತಿ ಅದು. ಐಸಿಯುನಲ್ಲಿರಬೇಕಾದವನನ್ನು ಕಂಬಕ್ಕೆ ಕಟ್ಟಿ ಚಿತ್ರ ತೆಗೆಯುತ್ತಿದ್ದಾರೆ, ನಾವು ಅದನ್ನು ಫಾರ್ವರ್ಡ್ ಮಾಡುತ್ತಿದ್ದೇವೆ.

ಕುಡಿತ ಬಿಡಬೇಕು ಎನ್ನುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರೆಲ್ಲ ಬಿಡಿಸುವ ಮೊದಲ ಐದು ದಿನಗಳ ಬಗ್ಗೆ. ಆ ಐದು ದಿನ ಮನೋಬಲದ ಪರೀಕ್ಷೆ ಎಂದು ನಮ್ಮ ಜನ ನಂಬಿಕೊಂಡಿದ್ದಾರೆ. ಅದು ಶುದ್ಧ ವೈದ್ಯಕೀಯ ವಿಚಾರ. ಹೃದಯಾಘಾತವಾದವನಿಗೆ ಯಾರೂ ಮನಸ್ಸು ಗಟ್ಟಿ ಮಾಡಿಕೋ ಎಂದು ಹೇಳಿ ಕಟ್ಟಿಹಾಕುವುದಿಲ್ಲ.

ದೇಹದೊಳಗೆ ಏನಾಗುತ್ತದೆ ಎಂದು ಹೇಳುತ್ತೇನೆ. ಮಿದುಳನ್ನು ಶಾಂತಗೊಳಿಸುವ ರಾಸಾಯನಿಕ ಗಾಬಾ, ಕೆರಳಿಸುವುದು ಗ್ಲುಟಮೇಟ್. ಮದ್ಯ ಗಾಬಾದ ಕೆಲಸವನ್ನು ಹೆಚ್ಚಿಸಿ ಗ್ಲುಟಮೇಟನ್ನು ಅದುಮುತ್ತದೆ. ವರ್ಷಗಟ್ಟಲೆ ದಿನವೂ ಕುಡಿದಾಗ ಮಿದುಳು ಸುಮ್ಮನಿರುವುದಿಲ್ಲ. ಗಾಬಾಕ್ಕೆ ಸ್ಪಂದಿಸುವುದನ್ನು ತಗ್ಗಿಸಿಕೊಂಡು, ಗ್ಲುಟಮೇಟಿನ ಬಲ ಹೆಚ್ಚಿಸಿಕೊಳ್ಳುತ್ತದೆ. ಹೊರಗಿನಿಂದ ಒಬ್ಬ ಬಾಗಿಲು ತಳ್ಳುತ್ತಿದ್ದಾನೆ, ಒಳಗಿನವನು ಅಷ್ಟೇ ಬಲದಿಂದ ಒತ್ತಿ ನಿಂತಿದ್ದಾನೆ ಎಂದುಕೊಳ್ಳಿ. ಹೊರಗಿನವನು ಒಮ್ಮೆಲೇ ಸರಿದುಬಿಟ್ಟರೆ ಒಳಗಿನವನು ಮುಗ್ಗರಿಸಿ ಬೀಳುತ್ತಾನೆ. ನಡುಕ, ಬೆವರು, ಫಿಟ್ಸ್, ಭ್ರಮೆ ಎಲ್ಲವೂ ಆ ಮುಗ್ಗರಿಸುವಿಕೆಯೇ. ಮಿದುಳು ತನ್ನ ಒತ್ತುವ ಬಲವನ್ನು ಮತ್ತೆ ತಗ್ಗಿಸಿಕೊಳ್ಳಲು ಕೆಲವು ದಿನ ಬೇಕು. ಅದಕ್ಕೆ ಹಟ, ಮಾನ, ಆಣೆ ಯಾವುದೂ ಗೊತ್ತಿಲ್ಲ.

ಈಗ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಸಿಗುವ 180 ಎಂಎಲ್ ಕ್ವಾರ್ಟರಿನಲ್ಲಿ, ಅದು ಬಾಟಲಿಯಾಗಲಿ ಟೆಟ್ರಾ ಪ್ಯಾಕ್ ಆಗಲಿ, ಮದ್ಯಸಾರದ ಪ್ರಮಾಣ ಶೇ 42.8. ಅಂದರೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ದೇಹ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ರಾತ್ರಿ ಹತ್ತಕ್ಕೆ ಕೊನೆಯ ಗುಟುಕು ಕುಡಿದವನ ರಕ್ತದಲ್ಲಿ ಬೆಳಗಿನ ಹೊತ್ತಿಗೆ ಮದ್ಯದ ಮಟ್ಟ ತಳ ಮುಟ್ಟುತ್ತಿರುತ್ತದೆ. ಬೆಳಿಗ್ಗೆ ಚಹಾದ ಲೋಟ ಎರಡು ಕೈಯಲ್ಲಿ ಹಿಡಿಯುವವನನ್ನು, ಹಲ್ಲುಜ್ಜುವ ಮೊದಲೇ ನೈಂಟಿ ಬೇಕೆನ್ನುವವನನ್ನು ನಾವು ಕೊಬ್ಬು ಎಂದು ಬೈಯುತ್ತೇವೆ. ಅವನ ವಿತ್‌ಡ್ರಾಯಲ್, ಅಂದರೆ ಮದ್ಯ ಸಿಗದಾಗ ದೇಹ ತಾಳ ತಪ್ಪುವುದು, ಆಗಲೇ ಶುರುವಾಗಿದೆ. ಬೆಳಗಿನ ಆ ನೈಂಟಿ ಅವನಿಗೆ ಔಷಧಿಯಾಗಿ ಹೋಗಿದೆ. ಮನೆಯವರಿಗೆ ಇದಕ್ಕಿಂತ ದೊಡ್ಡ ಸುಳಿವು ಬೇಕಾಗಿಲ್ಲ: ಬೆಳಿಗ್ಗೆ ಕುಡಿದರೆ ಮಾತ್ರ ನಡುಕ ನಿಲ್ಲುವವನನ್ನು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು.

ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. ಆರರಿಂದ ಹನ್ನೆರಡು ಗಂಟೆಯೊಳಗೆ ಕೈನಡುಕ, ಬೆವರು, ವಾಂತಿ, ಎದೆ ಡವಗುಟ್ಟುವುದು, ನಿದ್ದೆ ಹತ್ತದಿರುವುದು. ಹನ್ನೆರಡರಿಂದ ನಲವತ್ತೆಂಟು ಗಂಟೆಯೊಳಗೆ ಫಿಟ್ಸ್ ಬರುವ ಸಮಯ. ಮೊದಲೆಂದೂ ಮೂರ್ಛೆರೋಗ ಇಲ್ಲದವನಿಗೂ ಬರುತ್ತದೆ. ಫಿಟ್ಸ್ ಬಂದವರಿಗೆ ಚಿಕಿತ್ಸೆ ಸಿಗದಿದ್ದರೆ ಸುಮಾರು ಮೂರರಲ್ಲೊಬ್ಬರು ಡಿಟಿಗೆ ಜಾರುತ್ತಾರೆ. ಎರಡನೇ ದಿನದ ಕೊನೆಯಿಂದ ನಾಲ್ಕನೇ ದಿನದವರೆಗೆ ಆ ಡಿಟಿಯ ಕಾಲ. ದಿನ, ಜಾಗ, ಹೆಂಡತಿ ಮಕ್ಕಳ ಗುರುತು ಹತ್ತುವುದಿಲ್ಲ. ಗೋಡೆ ಮೇಲೆ ಹಲ್ಲಿ, ಮೈಮೇಲೆ ಇರುವೆ, ಬಾಗಿಲಲ್ಲಿ ಯಾರೋ ನಿಂತಂತೆ ಕಾಣುತ್ತದೆ. ಜ್ವರ ಏರುತ್ತದೆ, ಬಿಪಿ ಏರುತ್ತದೆ, ನಾಡಿ ಓಡುತ್ತದೆ. ಹಳೆಯ ಕಾಲದ ದಾಖಲೆಗಳಲ್ಲಿ ಚಿಕಿತ್ಸೆ ಇಲ್ಲದ ಡಿಟಿ ರೋಗಿಗಳಲ್ಲಿ ನೂರಕ್ಕೆ 15ಕ್ಕೂ ಹೆಚ್ಚು ಮಂದಿ ಸತ್ತದ್ದಿದೆ. ಸರಿಯಾದ ಚಿಕಿತ್ಸೆಯಲ್ಲಿ ಅದು ಐದಕ್ಕಿಂತ ಕೆಳಗಿದೆ. ಈ ವ್ಯತ್ಯಾಸವೇ ನನ್ನನ್ನು ಇಷ್ಟುದ್ದ ಬರೆಸುತ್ತಿರುವುದು.

ಮೂರನೇ ದಿನ ಅವನು ಕೂಗಾಡಿದಾಗ ಮನೆಯವರು ಏನು ಮಾಡುತ್ತಾರೆ? ಮೈಮೇಲೆ ಬಂದಿದೆ ಎಂದು ಬೇವಿನಸೊಪ್ಪು ಹಿಡಿಯುತ್ತಾರೆ, ಇಲ್ಲವೇ ನಾಟಕ ಎಂದು ಹಗ್ಗ ಬಿಗಿಯುತ್ತಾರೆ. ಕಟ್ಟಿದಾಗ ಅವನು ಗಂಟೆಗಟ್ಟಲೆ ಹಗ್ಗದ ವಿರುದ್ಧ ಜಗ್ಗಾಡುತ್ತಾನೆ. ಸ್ನಾಯುಗಳು ಒಡೆದು ಅವುಗಳ ಚೂರು ರಕ್ತಕ್ಕೆ ಸೇರುತ್ತವೆ, ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿ ನಿಲ್ಲುತ್ತದೆ. ಬೆವರು ಮತ್ತು ವಾಂತಿಯಲ್ಲಿ ನೀರು, ಪೊಟ್ಯಾಸಿಯಂ, ಮೆಗ್ನೀಸಿಯಂ ಹೋಗಿ ಹೃದಯದ ಬಡಿತ ತಾಳ ತಪ್ಪುತ್ತದೆ. ಅಂಗಾತ ಕಟ್ಟಿದವನು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಊರಲ್ಲಿ 'ಕುಡಿದು ಕುಡಿದು ಸತ್ತ' ಎನ್ನುತ್ತಾರೆ. ಕುಡಿಯದೆ ಮೂರು ದಿನವಾಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ಮಾತು ಬಂದೇ ಬರುತ್ತದೆ: 'ನಮ್ಮ ಚಿಕ್ಕಪ್ಪ ಮಾಲೆ ಹಾಕಿ ಒಂದೇ ದಿನಕ್ಕೆ ಬಿಟ್ಟರು, ಏನೂ ಆಗಲಿಲ್ಲ.' ನಿಜ. ಬಿಟ್ಟವರಲ್ಲಿ ಹೆಚ್ಚಿನವರಿಗೆ ಡಿಟಿ ಬರುವುದಿಲ್ಲ. ನೂರರಲ್ಲಿ ಸುಮಾರು ಐದು ಮಂದಿಗೆ ಬರುತ್ತದೆ. ಆದರೆ ಚಿಕ್ಕಪ್ಪ ಉಳಿದ ತೊಂಬತ್ತೈದರಲ್ಲಿ ಒಬ್ಬರಾಗಿದ್ದರು ಎನ್ನುವುದು ಕಂಬಕ್ಕೆ ಕಟ್ಟಿದವನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಿಂದೆ ಫಿಟ್ಸ್ ಅಥವಾ ಡಿಟಿ ಆಗಿದ್ದವನು, ಬೆಳಗ್ಗೆಯೇ ಕುಡಿಯುವವನು, ಲಿವರ್ ಕೆಟ್ಟವನು, ಜ್ವರವೋ ನ್ಯುಮೋನಿಯಾವೋ ಇರುವವನು, ವಯಸ್ಸಾದವನು, ಊಟ ಬಿಟ್ಟು ಬರೀ ಕುಡಿಯುತ್ತಿದ್ದವನು, ಇವರೆಲ್ಲ ಅಪಾಯದ ಸಾಲಿನಲ್ಲಿದ್ದಾರೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು ಎಂದು ಪ್ರತಿ ಸಲ ನಡೆದಂತೆ ವಿತ್‌ಡ್ರಾಯಲ್ ಹಿಂದಿನ ಸಲಕ್ಕಿಂತ ಬಿರುಸಾಗುತ್ತ ಹೋಗುತ್ತದೆ. ಹೋದ ವರ್ಷ ಏನೂ ಆಗಲಿಲ್ಲ ಎನ್ನುವುದು ಈ ವರ್ಷಕ್ಕೆ ಖಾತರಿಯಾಗಲಾರದು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಅಂಗಡಿಗಳು ಮುಚ್ಚಿದವು, ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು ಮೇ 4ಕ್ಕೆ. ಒಂದೇ ರಾತ್ರಿಯಲ್ಲಿ ಎಲ್ಲರಿಗೂ ಮದ್ಯ ನಿಂತಾಗ ಏನಾಗುತ್ತದೆ ಎಂಬುದು ಆಗ ಕಣ್ಣಿಗೆ ಕಂಡಿತು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ತೀವ್ರ ವಿತ್‌ಡ್ರಾಯಲ್‌ನಿಂದ ಬರುವವರ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಅಷ್ಟಾದರೂ ನಾವು ಕಲಿಯಲಿಲ್ಲ.

ಕಲಿಯದೇ ಇರುವುದು ಆಸ್ಪತ್ರೆಯ ವಾರ್ಡಿನಲ್ಲೂ ಕಾಣುತ್ತದೆ. ದಿನವೂ ಕುಡಿಯುವವನೊಬ್ಬ ಬೈಕಿನಿಂದ ಬಿದ್ದು ಕಾಲು ಮುರಿದು ದಾಖಲಾಗುತ್ತಾನೆ. ಕುಡಿತ ಎಷ್ಟು ಎಂದು ಕೇಳಿದರೆ ಮರ್ಯಾದೆಗೆ ಅಂಜಿ ಹೆಂಡತಿ 'ಯಾವಾಗೋ ಒಮ್ಮೊಮ್ಮೆ ಸರ್' ಎನ್ನುತ್ತಾಳೆ. ಆಪರೇಷನ್ ಆಗುತ್ತದೆ. ಮೂರನೇ ರಾತ್ರಿ ಅವನು ಡ್ರಿಪ್ ಕಿತ್ತು, ಪ್ಲಾಸ್ಟರ್ ಹಾಕಿದ ಕಾಲಲ್ಲೇ ಎದ್ದು ಓಡಲು ನೋಡುತ್ತಾನೆ. ಅಕ್ಕಂದಿರೇ, ದಯವಿಟ್ಟು ಡಾಕ್ಟರ ಮುಂದೆ ಈ ಒಂದು ವಿಷಯ ಮುಚ್ಚಿಡಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಬೇರೆ ಯಾವ ಮಾತ್ರೆ ನುಂಗುತ್ತಾನೆ. ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಕೊಡಿ.

ಗೊತ್ತಾದರೆ ಚಿಕಿತ್ಸೆ ಕಷ್ಟದ್ದಲ್ಲ, ದುಬಾರಿಯೂ ಅಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಇವು ಗಾಬಾದ ಮೇಲೆಯೇ ಕೆಲಸ ಮಾಡಿ ಮಿದುಳನ್ನು ಮೆಲ್ಲಗೆ ಇಳಿಸುತ್ತವೆ. ಮೊದಲ ದಿನ ಲಕ್ಷಣಗಳಿಗೆ ತಕ್ಕ ಪೂರ್ತಿ ಪ್ರಮಾಣ, ಆಮೇಲೆ ದಿನವೂ ಸುಮಾರು ಐದನೇ ಒಂದು ಭಾಗ ಇಳಿಸುತ್ತ ವಾರದೊಳಗೆ ಮುಗಿಸುತ್ತಾರೆ. ನಡುಕ, ಬೆವರು, ವಾಂತಿ, ಆತಂಕ, ಭ್ರಮೆ ಹೀಗೆ ಹತ್ತು ಅಂಶಗಳಿಗೆ ಅಂಕ ಹಾಕುವ ಪಟ್ಟಿಯೊಂದಿದೆ, ಒಟ್ಟು 67 ಅಂಕ. ನರ್ಸ್ ಕೆಲವು ಗಂಟೆಗೊಮ್ಮೆ ಅದನ್ನು ತುಂಬಿದರೆ ಡೋಸ್ ಏರಿಸಬೇಕೋ ಇಳಿಸಬೇಕೋ ತಿಳಿಯುತ್ತದೆ. ಈ ಮಾತ್ರೆಗಳನ್ನು ಮೆಡಿಕಲ್ ಶಾಪಿನಲ್ಲಿ ಪರಿಚಯದ ಮೇಲೆ ತಂದು ಮನೆಯಲ್ಲಿ ಕೊಡಬೇಡಿ. ಅದರ ಮೇಲೆ ಅವನು ಕುಡಿದರೆ ಉಸಿರೇ ನಿಲ್ಲಬಹುದು. ಕೂಗಾಡುತ್ತಾನೆಂದು ಬರೀ ಹ್ಯಾಲೊಪೆರಿಡಾಲ್ ಎಂಬ ಮನೋರೋಗದ ಔಷಧಿ ಚುಚ್ಚಿ ಸುಮ್ಮನಾಗಿಸುವುದೂ ತಪ್ಪು. ಆ ಔಷಧಿ ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ.

ಇನ್ನು ಗ್ಲೂಕೋಸ್. ಸುಸ್ತಾಗಿದ್ದಾನೆ, ಒಂದು ಬಾಟಲಿ ಹಾಕಿಸೋಣ ಎಂದು ಹತ್ತಿರದ ಕ್ಲಿನಿಕ್ಕಿಗೆ ಒಯ್ಯುತ್ತಾರೆ. ಕುಡಿಯುವವನ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಗ್ಲೂಕೋಸನ್ನು ಬಳಸಲು ಮಿದುಳಿಗೆ ಅದೇ ಬೇಕು. ಮೊದಲು ಥಯಾಮಿನ್ ಇಂಜೆಕ್ಷನ್ ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ವರ್ನಿಕೆ ಎಂಬ ಮಿದುಳಿನ ತೊಂದರೆ ಬರಬಹುದು. ಕಣ್ಣುಗುಡ್ಡೆ ಸರಿಯಾಗಿ ತಿರುಗುವುದಿಲ್ಲ, ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ಕುಡಿದೇ ಇಲ್ಲ, ಆದರೂ ತೂರಾಡುತ್ತಾನೆ ಎಂದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆ. ತಡವಾದರೆ ಹೊಸ ನೆನಪು ನಿಲ್ಲದ ಸ್ಥಿತಿ ಕಾಯಂ ಆಗಿಬಿಡುತ್ತದೆ. ಡ್ರಿಪ್ ಹಾಕುವ ಮೊದಲು 'ಥಯಾಮಿನ್ ಕೊಟ್ರಾ?' ಎಂದು ಕೇಳುವ ಹಕ್ಕು ಮನೆಯವರಿಗಿದೆ. ಕೇಳಿ.

ಮತ್ತೊಂದು ಅನಾಹುತ, ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ. 'ರೋಗಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಎಂಬ ಜಾಹೀರಾತಿನ ಪುಡಿಯಲ್ಲಿ ಏನಿದೆಯೋ ಯಾರಿಗೂ ತಿಳಿಯದು. ಕೆಲವರು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೇ ಅರೆದು ಹಾಕುತ್ತಾರೆ. ಒಪ್ಪಿ, ತಿಳಿದು, ಲಿವರ್ ಪರೀಕ್ಷೆ ಮಾಡಿಸಿಕೊಂಡು ನುಂಗುವವನಿಗೆ ಅದು ಒಳ್ಳೆಯ ಔಷಧಿ. ಅದು ಮದ್ಯವನ್ನು ಕರಗಿಸುವ ದಾರಿಯನ್ನು ಮಧ್ಯದಲ್ಲಿ ತಡೆಯುತ್ತದೆ, ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ರಕ್ತದಲ್ಲಿ ಶೇಖರವಾಗುತ್ತದೆ. ತಿಳಿಯದೆ ನುಂಗಿದವನು ಸಂಜೆ ಎಂದಿನಂತೆ ಕ್ವಾರ್ಟರ್ ಏರಿಸಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು, ದುರ್ಬಲ ಹೃದಯದವನು ಅಲ್ಲೇ ಹೋಗಿಬಿಡಬಹುದು. ಕೊನೆಯ ಮಾತ್ರೆಯ ನಂತರವೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಹೆಂಡತಿಯ ಹತಾಶೆ ನನಗೆ ಅರ್ಥವಾಗುತ್ತದೆ, ಒಡವೆ ಮಾರಿ ಮಕ್ಕಳ ಫೀಸು ಕಟ್ಟಿದವಳ ಮುಂದೆ ನೀತಿ ಹೇಳುವ ಅರ್ಹತೆ ಯಾರಿಗೂ ಇಲ್ಲ. ಆದರೂ ಅನ್ನದಲ್ಲಿ ಅದನ್ನು ಬೆರೆಸಬೇಡ ತಾಯಿ.

ಹಾಗಾದರೆ ಏನು ಮಾಡಬೇಕು? ದಿನವೂ ಕುಡಿಯುವವನು ಬಿಡಲು ಒಪ್ಪಿದ ದಿನ, ನಿಲ್ಲಿಸುವ ಮೊದಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರುತ್ತಾರೆ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆಗಳಾಗಿ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಫೋನಿನಲ್ಲೇ ಕೇಳಬೇಕೆಂದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಡಾಕ್ಟರ ಬಳಿ ಹೋಗಲು ನಾಳೆಯಾಗುತ್ತದೆ, ಇವತ್ತು ನಡುಕ ಜೋರಾಗಿದೆ ಎಂದರೆ ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸದೆ ಸ್ವಲ್ಪ ಕುಡಿಯಲು ಬಿಡುವುದೇ ಸುರಕ್ಷಿತ. ಇದನ್ನು ಬರೆದದ್ದಕ್ಕೆ ಬೈಯುವವರು ಬೈಯಿರಿ, ನಾನು ಅಳಿಸುವುದಿಲ್ಲ. ಫಿಟ್ಸ್ ಬಂದಿದ್ದರೆ, ಮಾತು ತಪ್ಪುತ್ತಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ನೀರೂ ಬೇಡ, ಮದ್ಯವೂ ಬೇಡ. ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ. ಕೈಗೆ ಕೀಲಿಕೈ ಕೊಡುತ್ತ ಕೂರಬೇಡಿ.

ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಗೇಟಿನ ಬಣ್ಣ ನೋಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ. ಅದರಡಿ ಸಂಸ್ಥೆ ನೋಂದಣಿಯಾಗಿರಬೇಕು, 95ನೇ ಸೆಕ್ಷನ್ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸುತ್ತದೆ. ನೋಂದಣಿ ಪತ್ರ ತೋರಿಸಿ ಎನ್ನಿ. ಮೊದಲ ವಾರ ಯಾವ ಮಾತ್ರೆ ಕೊಡುತ್ತೀರಿ, ಥಯಾಮಿನ್ ಇಂಜೆಕ್ಷನ್ ಇದೆಯೇ, ಮೂರನೇ ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ಡ್ಯೂಟಿಯಲ್ಲಿ ಯಾರಿರುತ್ತಾರೆ, ಯಾವ ಆಸ್ಪತ್ರೆಗೆ ಯಾವ ಗಾಡಿಯಲ್ಲಿ ಒಯ್ಯುತ್ತೀರಿ ಎಂದು ಕೇಳಿ. 'ನಮ್ಮಲ್ಲಿ ಔಷಧಿ ಇಲ್ಲ, ಯೋಗ ಮತ್ತು ಶಿಸ್ತಿನಿಂದಲೇ ಬಿಡಿಸುತ್ತೇವೆ' ಎಂಬ ಉತ್ತರ ಬಂದರೆ ಕಟ್ಟಿದ ಮುಂಗಡ ಹೋದರೂ ಹೋಗಲಿ, ಅವನನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೊರಡಿ.