ಚಿಕ್ಕಪ್ಪನ ಉಳಿಗಳನ್ನು ಪಾರ್ಸೆಲ್ ಮಾಡಿದ್ದು

ಹೋದ ವರ್ಷ ಮಳೆಗಾಲದಲ್ಲಿ ನಾನು ಕಟ್ಟಿದ ಒಂದು ಪಾರ್ಸೆಲ್‌ನಿಂದ ಒಬ್ಬರ ಅಂಗೈ ಕುಯ್ದುಹೋಯಿತು. ಇದನ್ನು ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೆ.

ಮಂಡ್ಯದಲ್ಲಿರುವ ನಮ್ಮ ಚಿಕ್ಕಪ್ಪ ನಲವತ್ತು ವರ್ಷ ಮರಗೆಲಸ ಮಾಡಿದವರು. ಬಾಗಿಲು, ಕಿಟಕಿ, ಎತ್ತಿನ ಗಾಡಿ ಎಲ್ಲ. ಈಗ ಕೈ ನಡುಗುತ್ತೆ. "ಅಟ್ಟದ ಮೇಲೆ ಸುಮ್ನೆ ತುಕ್ಕು ಹಿಡಿಯೋದ್ಯಾಕೆ ಮಗಾ, ಕೆಲ್ಸ ಮಾಡೋನ್ಗೆ ಕಳಿಸ್ಬುಡು" ಅಂದರು. ಅವರ ಹತ್ತಿರ ಕೆಲಸ ಕಲಿತ ಹುಡುಗ ಈಗ ಸಾಗರದಲ್ಲಿದ್ದಾನೆ. ಒಂಬತ್ತು ಉಳಿ, ಮರ ಕೆತ್ತುವ ಬಾಚಿ, ಮರ ನುಣುಪು ಮಾಡುವ ಉಜ್ಜುಗೊರಡು, ಕೈಗರಗಸ, ಸುತ್ತಿಗೆ. ಎಲ್ಲ ಸೇರಿ 11 ಕೆಜಿ. ಮೈಸೂರಿನ ಮನೆಗೆ ತಂದು, ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬಕ್ಕೆ ತುಂಬಿ, ಪೇಪರ್ ತುರುಕಿ, ಟೇಪ್ ಸುತ್ತಿದೆ. ಪಾರ್ಸೆಲ್ ಆಫೀಸಿನಲ್ಲಿ ಆಟೋದಿಂದ ಇಳಿಸಿಕೊಂಡ ಹಮಾಲಿಯಣ್ಣ "ಅಯ್ಯೋ" ಅಂತ ಕೈ ಕೊಡವಿದರು. ಮುಕ್ಕಾಲಿಂಚಿನ ಉಳಿಯ ಬಾಯಿ ರಟ್ಟಿನ ಮೂಲೆ ಸೀಳಿಕೊಂಡು ಆಚೆ ಬಂದಿತ್ತು, ಉಗುರಿನಷ್ಟು. ನಾಲ್ಕು ಹೊಲಿಗೆ ಬಿತ್ತು. ಆಸ್ಪತ್ರೆಯಿಂದ ಬರುವಾಗ ಅವರು ಬೈಯಲಿಲ್ಲ. "ಒಳಗೇನೈತೆ ಅಂತ ನಮಗೆಂಗೆ ಗೊತ್ತಾಗ್ಬೇಕು ಸಾರ್" ಅಂದರು, ಅಷ್ಟೇ.

ತಪ್ಪು ಪೂರ್ತಿ ನನ್ನದು. ಕಬ್ಬಿಣ ಡಬ್ಬದೊಳಗೆ ಸುಮ್ಮನಿರಲ್ಲ. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಸುತ್ತಿಗೆ ಒಳಗೆ ಸುತ್ತಿಗೆಯ ಕೆಲಸವನ್ನೇ ಮಾಡುತ್ತೆ, ಪಕ್ಕದ ಉಳಿಯನ್ನು ರಟ್ಟಿಗೆ ಹೊಡೆಯುತ್ತೆ. ತುರುಕಿದ ಪೇಪರ್ ಆ ಭಾರಕ್ಕೆ ಹಪ್ಪಳವಾಗುತ್ತೆ. 1898ರ ಅಂಚೆ ಕಾಯ್ದೆಯ 19ನೇ ಕಲಮಿನಲ್ಲೇ, ಸರಿಯಾಗಿ ಮುಚ್ಚದ ಹರಿತವಾದ ಸಾಮಾನನ್ನು ಅಂಚೆಯಲ್ಲಿ ಕಳಿಸಬಾರದು ಅಂತ ಇತ್ತು. ಆ ಕಾಯ್ದೆ ಹೋಗಿ 2023ರದು ಬಂದಿದೆ. ಆದರೆ ಉಳಿಯ ಬಾಯಿ ಬದಲಾಗಿಲ್ಲವಲ್ಲ.

ಸರಿಯಾಗಿ ಕಟ್ಟುವುದನ್ನು ನನಗೆ ಕಲಿಸಿದ್ದು ಆ ಸಾಗರದ ಹುಡುಗನೇ. ಚಿಕ್ಕಪ್ಪನಿಗೆ ಅಂತ ಒಂದು ಕತ್ತಿ ಕಳಿಸಿದ್ದ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಕತ್ತಿಯಷ್ಟೇ ಅಗಲದ ಮರದ ಪಟ್ಟಿಗೆ ಸುತ್ತಿ ಒಣಗಿಸಿದ್ದ. ಒಣಗಿದ ಮೇಲೆ ಅದು ಚರ್ಮದ ಒರೆ ಇದ್ದ ಹಾಗೆ ಗಟ್ಟಿ. ಆಮೇಲೆ ಕತ್ತಿ ಒಳಗಿಟ್ಟು ಹುರಿಯಿಂದ ಬಿಗಿದಿದ್ದ. ಹಸಿ ಹಾಳೆಗೇ ಕತ್ತಿ ಸುತ್ತಿದರೆ ತುಕ್ಕು ಹಿಡಿಯುತ್ತೆ, ಅದಕ್ಕೇ ಮರದ ಪಟ್ಟಿ. ಎಷ್ಟು ಚೆನ್ನಾಗಿದೆ ಅಲ್ವಾ? ಖರ್ಚು ಹುರಿಯದ್ದು ಮಾತ್ರ.

ಈಗ ನಾನು ಪ್ರತಿ ಉಳಿಗೂ ಬೇರೆ ಬೇರೆ ಒರೆ ಮಾಡುತ್ತೇನೆ. ಗರಗಸದ ಹಲ್ಲಿಗೆ ಹಳೇ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸುತ್ತೇನೆ. ಉಜ್ಜುಗೊರಡಿನ ಅಲಗು ಬಿಚ್ಚಿ ಬೇರೆ ಸುತ್ತುತ್ತೇನೆ. ಬೀಡು ಕಬ್ಬಿಣದ ಉಜ್ಜುಗೊರಡಾದರೆ ಇನ್ನೂ ಹುಷಾರು, ಎತ್ತಿ ಹಾಕಿದರೆ ಬಾಗಲ್ಲ, ಒಡೆದೇ ಹೋಗುತ್ತೆ. ಎಲ್ಲವನ್ನೂ ಒಂದು ಪ್ಲೈವುಡ್ ತುಂಡಿಗೆ ತೂತು ಕೊರೆದು ತಂತಿಯಲ್ಲಿ ಬಿಗಿಯುವುದು. ಡಬ್ಬ ಅಲ್ಲಾಡಿಸಿದರೆ ಸದ್ದು ಬರಬಾರದು. ಹೊರಗೆ ಗೋಣಿತಾಟು ಸುತ್ತಿ ದಬ್ಬಳದಿಂದ ಹೊಲಿಗೆ. ಕಬ್ಬಿಣಕ್ಕೆ ಮೊದಲೇ ತೆಳ್ಳಗೆ ಮೆಷಿನ್ ಎಣ್ಣೆ ಸವರಿರುತ್ತೇನೆ.

ದುಡ್ಡಿನ ವಿಷಯ. ಪುಕ್ಕಟೆ ಸಿಕ್ಕಿದ ದೊಡ್ಡ ಡಬ್ಬವೇ ದುಬಾರಿ. ಎಷ್ಟೋ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಅದು, ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಕಾವು, ಅಂದರೆ ಮರದ ಹಿಡಿ, ಸಮೇತ ಬಾಚಿಗೆ 75, 25, 15ರ ಡಬ್ಬ ಬೇಕು ಅಂದುಕೊಳ್ಳಿ. ಎರಡು ಕೆಜಿ ಬಾಚಿಗೆ ಐದೂವರೆ ಕೆಜಿಗಿಂತ ಜಾಸ್ತಿ ಲೆಕ್ಕ ಬರುತ್ತೆ. ಕಾವು ತೆಗೆದರೆ 25, 15, 10ರದ್ದು ಸಾಕು, ತೂಕಕ್ಕಷ್ಟೇ ದುಡ್ಡು. ಕಾವನ್ನು ಅಲ್ಲೇ ಹಾಕಿಸಿಕೊಳ್ಳಬಹುದು. ಅವಸರ ಇಲ್ಲ, ಭಾರ ಜಾಸ್ತಿ ಅಂದರೆ ಲಾರಿ ಪಾರ್ಸೆಲ್ಲೋ, ಕೆಎಸ್‌ಆರ್‌ಟಿಸಿ 2021ರಲ್ಲಿ ಶುರು ಮಾಡಿದ ‘ನಮ್ಮ ಕಾರ್ಗೋ’ ಅನ್ನುವ ಪಾರ್ಸೆಲ್ ಸೇವೆಯೋ ಒಮ್ಮೆ ವಿಚಾರಿಸಿ.

"ಒಳಗೇನಿದೆ ಅಂತ ಹೇಳ್ಬೇಡ, ಜಾಸ್ತಿ ಕೇಳ್ತಾರೆ" ಅಂತ ನನಗೆ ಸ್ನೇಹಿತರೊಬ್ಬರು ಬುದ್ಧಿ ಹೇಳಿದ್ದರು. ಇದನ್ನು ನಾನು ಒಪ್ಪಲ್ಲ. ಹತ್ತಿಪ್ಪತ್ತು ರೂಪಾಯಿ ಉಳಿಸೋಕೆ ಇನ್ನೊಬ್ಬರ ಕೈ ಪಣಕ್ಕಿಡೋದಾ? ಕೂಲಿ ಮಾಡುವವರಿಗೆ ಕೈ ಹೋದರೆ ಅವತ್ತಿನ ಊಟವೇ ಹೋಯಿತು. ಆ ಅಣ್ಣ ಒಂಬತ್ತು ದಿನ ಕೆಲಸಕ್ಕೆ ಬರಲಿಲ್ಲ. ಆ ದಿನಗಳ ಕೂಲಿ ನಾನು ಕೊಟ್ಟೆ, ಕೊಡಲೇಬೇಕಿತ್ತು. ಈಗ ಗೋಣಿಯ ಎರಡೂ ಬದಿಗೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಯುತ್ತೇನೆ: "ಹರಿತವಾದ ಸಾಮಾನು, 11 ಕೆಜಿ". ತೂಕ ಬರೆಯೋದೂ ಮುಖ್ಯ. ಸಣ್ಣ ಡಬ್ಬ ಹಗುರ ಅಂತ ಒಂದೇ ಕೈಯಲ್ಲಿ ಎಳೆದರೆ ಸೊಂಟ ಉಳುಕುತ್ತೆ.

ಮೊನ್ನೆ ಚಿಕ್ಕಪ್ಪನ ಉಳಿದ ಸಾಮಾನು ತಗೊಂಡು ಅದೇ ಆಫೀಸಿಗೆ ಹೋಗಿದ್ದೆ. ಅದೇ ಅಣ್ಣ ಇದ್ದರು. ನಕ್ಕರು, ಟೀ ಆಯ್ತಾ ಸಾರ್ ಅಂದರು. ಕೆಂಪಕ್ಷರ ಓದಿದರು. ಆಮೇಲೂ ಮೂಟೆಯ ಒಂದೊಂದೇ ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿಕೊಂಡೇ ಎತ್ತಿ ಹೆಗಲಿಗೆ ಹಾಕಿಕೊಂಡರು.