ಮೊದಲು ಬ್ಯಾರೆಲ್ ನೋಡಿ

.357 ಸಿಗ್ ತೋಟಾ ಬೇಕೆಂದರೆ ಅದಕ್ಕೆಂದೇ ಮಾಡಿದ ಪಿಸ್ತೂಲನ್ನೇ ಹುಡುಕಿ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 1994ರಲ್ಲಿ ಬಂದ ಈ ತೋಟಾ .40 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸ್ಸನ್) ಎಂಬ ಇನ್ನೊಂದು ಪಿಸ್ತೂಲು ತೋಟಾದಿಂದಲೇ ಹುಟ್ಟಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬುಡ ಒಂದೇ ದಪ್ಪ, .357 ಸಿಗ್‌ನ ಕುತ್ತಿಗೆ ಮಾತ್ರ ಬಾಟಲಿಯ ಹಾಗೆ ಸಣ್ಣಗಾಗಿದೆ. ಹೆಸರಲ್ಲಿ .357 ಇದ್ದರೂ ಗುಂಡಿನ ಅಡ್ಡಳತೆ 0.355 ಇಂಚು, ಅಂದರೆ 9 ಎಂಎಂ ತೋಟಾದ ಗುಂಡಿನದೇ. ಹಾಗಾಗಿ ಎಷ್ಟೋ .40 ಪಿಸ್ತೂಲುಗಳಲ್ಲಿ ಬ್ಯಾರೆಲ್ ಬದಲಿಸಿದರೆ ಸಾಕು, ಸಾಮಾನ್ಯವಾಗಿ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಕೂಡ ಅದೇ ನಡೆಯುತ್ತದೆ. .357 ಸಿಗ್ ತೋಟಾ ಸಿಗದ ದಿನ ಹಳೆ .40 ಬ್ಯಾರೆಲ್ ಹಾಕಿಕೊಂಡು .40 ತೋಟಾದಲ್ಲೇ ಅಭ್ಯಾಸ ಮಾಡಬಹುದು, ಅಲ್ವಾ? ಆದರೆ ಬ್ಯಾರೆಲ್ ಮೇಲೆ ಕೆತ್ತಿದ ಹೆಸರೂ ತೋಟಾ ಪೆಟ್ಟಿಗೆಯ ಹೆಸರೂ ಒಂದೇನಾ ಎಂದು ಪ್ರತಿ ಸಲ ನೋಡಲೇಬೇಕು. .357 ಸಿಗ್‌ನ ಸದ್ದು 9 ಎಂಎಂಗಿಂತ ಜಾಸ್ತಿ. ಕೊಳ್ಳುವ ಮೊದಲು ಒಮ್ಮೆ ಹಾರಿಸಿ ನೋಡಿ.